ಖಾಲಿ ಬೋಗುಣಿ

ಶೆಡ್ಡಿನ ಹಿಂದಿನ ಮನೆ,
ಏಳನೇ ತಾರೀಕು, ಗುರುವಾರ ಬೆಳಿಗ್ಗೆ

ನನ್ನ ಗಟ್ಟಿಗಿತ್ತಿ ಮಗಳೇ,

ಹೇಗಿದ್ದೀಯೇ? ಎಡಗಾಲಿನ ಮಂಡಿನೋವು ಇಳಿಯಿತಾ? ಭಾನುವಾರ ಜೀಪು ಹತ್ತುವಾಗ ಬಾಗಿಲು ಹಿಡಿದುಕೊಂಡು ಒಂದು ಕ್ಷಣ ಹಲ್ಲು ಕಚ್ಚಿ ನಿಂತೆಯಲ್ಲ, ಅದು ಅಮ್ಮನ ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡಿದ್ದರೆ ನಿನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ. ಚೀಲದ ಪಕ್ಕದ ಜೇಬಿನಲ್ಲಿ ಮುಲಾಮಿನ ಡಬ್ಬಿ ಇಟ್ಟಿದ್ದೇನೆ, ದಿನಕ್ಕೆ ಎರಡು ಸಲ ಹಚ್ಚಿಕೋ. ಬಿಸಿಲಿಗೆ ಹೊರಡುವಾಗ ಕುತ್ತಿಗೆಗೆ ಬಟ್ಟೆ ಸುತ್ತಿಕೋ. ಕೆಲಸದ ಗುಂಗಿನಲ್ಲಿ ಊಟ ಮರೆಯಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ಪದ್ಧತಿ, ಬರೆದಿದ್ದೇನೆ.

ಈ ಕಾಗದ ಬರೆಸುತ್ತಿರುವವರು ನಿಮ್ಮಪ್ಪ, ಬರೆಯುತ್ತಿರುವವಳು ನಾನು. ಅವರ ಬೆರಳುಗಳು ಈಗ ಪೆನ್ನನ್ನು ಹಿಡಿಯುವುದಿಲ್ಲ, ಹಿಡಿದರೂ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ. ಎದುರಿಗೆ ತಮ್ಮ ಹಳೇ ಮರದ ಪೆಟ್ಟಿಗೆ ಹಾಕಿಕೊಂಡು ಕುಳಿತಿದ್ದಾರೆ. ಪ್ರತಿ ಸಾಲನ್ನೂ ಬರೆದ ಕೂಡಲೇ ಜೋರಾಗಿ ಓದಿ ಹೇಳಬೇಕಂತೆ. ಕಣ್ಣು ಮಾತ್ರ ಇನ್ನೂ ಚುರುಕು, ಒಂದು ಸಾಲು ಹಾರಿಸಿ ಓದಿದರೆ ಕಾಗದದ ಮೇಲೆ ಬೆರಳಿಟ್ಟು, ‘ಇದನ್ನ ಯಾಕೆ ಬಿಟ್ಟೆ?’ ಎನ್ನುತ್ತಾರೆ. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ನಾನು ಯಾರಿಗೆ ಏನು ಬರೆದೆ ಎಂದು ಒಂದು ದಿನವೂ ಕೇಳದ ಮನುಷ್ಯ ಇವರು. ಈಗ ತಪಾಸಣೆಗೆ ಕುಳಿತಿದ್ದಾರೆ. ಹನ್ನೊಂದು ಗಂಟೆಗೆ ನಿಮ್ಮ ಕ್ಯಾಂಪಿಗೆ ಸಾಮಾನು ಒಯ್ಯುವ ಲಾರಿ ಹೊರಡುತ್ತದೆ, ಅಷ್ಟರಲ್ಲಿ ಇದನ್ನು ಮುಗಿಸಿ ಡ್ರೈವರ್ ಕೈಗೆ ಕೊಡಬೇಕು.

ವಿಷಯ ಏನೆಂದರೆ, ಅಪ್ಪ ನಿನ್ನ ಜೀಪಿಗೆ ಹಾಕಿಕೊಟ್ಟ ಆ ನೀರಿನ ಟ್ಯಾಂಕು. ನೀನು ಹೋದಾಗಿನಿಂದ ಈ ಮನೆಯಲ್ಲಿ ಬೇರೆ ಮಾತೇ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ, ‘ಟ್ಯಾಂಕ್ ಅಲ್ಲಾಡ್ಲಿಲ್ಲ ತಾನೇ? ಏನಾದ್ರೂ ಹೇಳಿ ಕಳಿಸಿದ್ಲಾ?’ ಎನ್ನುತ್ತಾರೆ. ಇಲ್ಲ ರೀ, ಈಗಷ್ಟೇ ತಲುಪಿರಬೇಕು ಎನ್ನುತ್ತೇನೆ. ಚಹಾ ಕುಡಿದು ಲೋಟ ಕೆಳಗಿಟ್ಟು ಮತ್ತೆ, ‘ಟ್ಯಾಂಕ್ ಅಲ್ಲಾಡ್ಲಿಲ್ಲ ತಾನೇ?’ ನಿನ್ನೆ ನನಗೂ ರೇಗಿ, ‘ಅಲ್ಲಾಡ್ತಿರೋದು ಟ್ಯಾಂಕಲ್ಲ, ನನ್ನ ತಲೆ’ ಎಂದುಬಿಟ್ಟೆ. ಎದ್ದು ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತರು. ಒಳಗೆ ನೋಡಲು ಏನಿದೆ ಹೇಳು. ಗ್ಯಾರೇಜಿನ ಬೋರ್ಡು ಇಳಿಸಿಯಾಯಿತು. ಕೊರೆಯುವ ಮೆಷಿನ್ನನ್ನು ಪಕ್ಕದ ಅಂಗಡಿಯ ತಗಡಿನ ಕೆಲಸದವನು ಸೋಮವಾರ ಸಾಗಿಸಿದ. ಗೋಡೆಯಲ್ಲಿ ಪಾನಾಗಳನ್ನು ತೂಗುಹಾಕುತ್ತಿದ್ದ ಮೊಳೆಗಳು ಮಾತ್ರ ಇವೆ, ಒಂದೊಂದರ ಕೆಳಗೂ ಒಂದೊಂದು ಪಾನಾದ ಆಕಾರದ ಬಿಳಿ ಗುರುತು. ಅಲ್ಲಿ ನಿಂತುಕೊಂಡು ಅವರು ಕೈಯೆತ್ತಿ ಒಂದು ಮೊಳೆಯನ್ನು ತಡವಿದರು. ಯಾಕಾದರೂ ಹಾಗೆಂದೆನೋ ಎನಿಸಿತು.

ಡಾಕ್ಟರು ಹೇಳಿದ್ದನ್ನು ನಿನಗೆ ಆವತ್ತೇ ಹೇಳಿದ್ದೆ. ಇನ್ನು ಮರೆವು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲವಂತೆ. ನಿಮ್ಮಪ್ಪನಿಗೂ ಗೊತ್ತು, ಮುಚ್ಚಿಡುವುದೇನಿಲ್ಲ. ಈ ಸಾಲನ್ನೂ ಓದಿ ಹೇಳಿದೆ, ‘ಬರಿ ಬರಿ, ಸುಳ್ಳೇನಲ್ಲವಲ್ಲ’ ಎಂದರು. ಮೊನ್ನೆ ಒಂದು ಸಲ ತಾವಾಗಿಯೇ, ‘ನನ್ನ ತಲೆ ಎಲ್ಲೋ ಸೋರ್ತಿದೆ ಕಣೇ, ಎಲ್ಲಿ ಅಂತ ಮಾತ್ರ ಸಿಗ್ತಿಲ್ಲ. ಸಿಕ್ಕಿದ್ರೆ ಬೆಸುಗೆ ಹಾಕ್ಬಹುದಿತ್ತು’ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವ ನೆಪದಲ್ಲಿ ಅತ್ತೆ, ಅದನ್ನೂ ಬರೆಯುತ್ತೇನೆ, ಅವರೂ ಕೇಳಲಿ.

ನೀನು ಟ್ಯಾಂಕು ತಂದು ಅಂಗಳದಲ್ಲಿ ಇಳಿಸಿದಾಗ ನಾನು ಬೇಡವೆಂದವಳೇ. ದೊಡ್ಡ ರಸ್ತೆಯಲ್ಲಿ ಹೊಸ ಗ್ಯಾರೇಜಿದೆ, ಅರ್ಧ ದಿನದಲ್ಲಿ ಹಾಕಿಕೊಡುತ್ತಾರೆ, ಅಪ್ಪನಿಗೆ ಯಾಕೆ ತೊಂದರೆ ಎಂದು ನಿನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದೆ. ನೀನು ಪಿಸುಗುಟ್ಟುವವಳೇ ಅಲ್ಲ. ಇಡೀ ಬೀದಿಗೆ ಕೇಳುವ ಹಾಗೆ, ‘ಅಪ್ಪ ಇರೋವಾಗ ನನ್ನ ಗಾಡಿಗೆ ಬೇರೆಯವ್ರು ಕೈ ಹಾಕೋದಾ?’ ಎಂದೆ. ಆಗ ಅವರ ಮುಖ ನೋಡಬೇಕಿತ್ತು ನೀನು. ಎರಡು ವರ್ಷದಿಂದ ಕಳೆದುಹೋಗಿದ್ದ ಮನುಷ್ಯ ಒಮ್ಮೆಗೇ ಮನೆಗೆ ಬಂದ ಹಾಗಾಯಿತು. ‘ನೆಲದಡಿ ನೀರು ಹುಡುಕೋ ಕೆಲಸ ಅಂತೀಯ, ನೀರು ಹೊತ್ಕೊಂಡೇ ಹೋಗ್ಬೇಕಾ? ಒಳ್ಳೇ ಕೆಲಸ ಹಿಡಿದೆ’ ಎಂದು ನಿನ್ನನ್ನು ಛೇಡಿಸಿದರು. ಚಾಕ್‌ಪೀಸು ಹುಡುಕಿದರು. ಮಾಡಿನ ಕೆಳಗಿದ್ದ ಎನಾಮಲ್ ಬೋಗುಣಿಯನ್ನು ತಾವೇ ತೆಗೆದು ಧೂಳು ಒರೆಸಿದರು.

ಆ ಬೋಗುಣಿಯ ವಿಷಯ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಚಿನ ಬಣ್ಣ ಹಾರಿಹೋಗಿರುವ ಆ ಹಾಳು ಬೋಗುಣಿಯೇ ನಮ್ಮ ಶೆಡ್ಡಿನ ಕಾನೂನು. ಕೆಲಸ ಶುರುವಾಗುವ ಮೊದಲು ಆ ಗಾಡಿಗೆ ಬೇಕಾದ ಬೋಲ್ಟು, ನಟ್ಟು, ವಾಷರು, ಪಟ್ಟಿ ಎಲ್ಲವನ್ನೂ ಎಣಿಸಿ ಅದರೊಳಗೆ ಹಾಕಬೇಕು. ಕೆಲಸ ಮುಗಿಯಿತೆಂದರೆ ಬೋಗುಣಿ ಖಾಲಿಯಾಗಿರಬೇಕು. ಒಂದು ವಾಷರು ತಳದಲ್ಲಿ ಉಳಿದರೂ ಗಾಡಿಯನ್ನು ಗೇಟು ದಾಟಿಸುವ ಹಾಗಿಲ್ಲ, ಗಿರಾಕಿ ಎಷ್ಟೇ ಕೂಗಾಡಲಿ. ಗಾಡಿ ಒಯ್ಯುವವರ ಕಣ್ಣೆದುರಿಗೇ ಬೋಗುಣಿಯನ್ನು ಬೋರಲು ಹಾಕಿ, ತಳಕ್ಕೆ ಎರಡು ಸಲ ತಟ್ಟಿ, ‘ನೋಡ್ಕೊಳ್ಳಿ, ಖಾಲಿ’ ಎನ್ನುವುದು ಅವರ ರೂಢಿ. ಭಾನುವಾರ ನಿನಗೂ ಹಾಗೆಯೇ ಮಾಡಿ ತೋರಿಸಿದರು. ನೀನೇ ಕಣ್ಣಾರೆ ನೋಡಿದ್ದೀಯ ಎಂದು ಬರೆಯಲು ಹೇಳುತ್ತಿದ್ದಾರೆ. ಬರೆದೆ.

ಉದ್ದಣ್ಣನ ಕಥೆಯನ್ನೂ ಬರೆ ಎನ್ನುತ್ತಿದ್ದಾರೆ. ನೂರು ಸಲ ಕೇಳಿದ್ದಾಳೆ, ಪಾಪ ಬಿಡಿ ಅಂದೆ, ಬಿಡಲಿಲ್ಲ. ನೀನು ಹುಟ್ಟುವ ಮೊದಲು ಉದ್ದಣ್ಣ ಎಂಬ ಡ್ರೈವರ್ ಇವರಿಗೆ ಒಡಹುಟ್ಟಿದವನ ಹಾಗಿದ್ದ. ಕಲ್ಲುಗುಡ್ಡದ ದಾರಿಯಲ್ಲಿ ಇಬ್ಬರೂ ಹಿಂದೆಮುಂದೆ ಎರಡು ಗಾಡಿಗಳಲ್ಲಿ ಇಳಿಯುತ್ತಿದ್ದರು. ಉದ್ದಣ್ಣ ನೀರಿನ ಟ್ಯಾಂಕನ್ನು ಸೀಟಿನ ಹಿಂದೆ ಬರೀ ಹಗ್ಗದಲ್ಲಿ ಕಟ್ಟಿಕೊಂಡಿದ್ದ. ತಿರುವಿನಲ್ಲಿ ಬಂಡೆ ಉರುಳಿ ಬಿದ್ದಿತ್ತು, ಬ್ರೇಕ್ ಒತ್ತಿದ. ಗಾಡಿ ನಿಂತಿತು, ಟ್ಯಾಂಕ್ ನಿಲ್ಲಲಿಲ್ಲ. ಹಿಂದಿನಿಂದ ಬಂದು ಅವನ ಕುತ್ತಿಗೆಗೆ ಬಡಿಯಿತು. ಗಾಡಿಗೆ ಒಂದು ಗೀರೂ ಆಗಿರಲಿಲ್ಲವಂತೆ. ಇಷ್ಟು ನಿನಗೆ ಗೊತ್ತು. ಆದರೆ ಇವರು ಇಷ್ಟು ವರ್ಷ ಹೇಳದ ಒಂದು ಮಾತನ್ನು ಮಂಗಳವಾರ ಊಟದ ನಡುವೆ ಹೇಳಿದರು. ಟ್ಯಾಂಕನ್ನು ಎತ್ತಿ ಸರಿಸಿದಾಗ ಉದ್ದಣ್ಣನಿಗೆ ಇನ್ನೂ ಜೀವವಿತ್ತಂತೆ, ನೀರು ನೀರು ಎಂದನಂತೆ. ‘ಮೈಯೆಲ್ಲಾ ತೊಯ್ದು ಹೋಗಿತ್ತು ಕಣೇ. ಅಷ್ಟೊಂದು ನೀರು ಚೆಲ್ಲಿ ಹೋಯ್ತು, ಅವನ ಬಾಯಿಗೆ ಒಂದು ಗುಟುಕು ಹಾಕೋಕ್ಕಾಗ್ಲಿಲ್ಲ’ ಎಂದು ತಟ್ಟೆ ಸರಿಸಿಬಿಟ್ಟರು. ನಿನ್ನೆಯದು ನೆನಪಿಲ್ಲದ ತಲೆಯಲ್ಲಿ ಅದು ಮಾತ್ರ ಹಾಗೇ ಕೂತಿದೆ ನೋಡು.

ಅದಕ್ಕೇ ನಿನ್ನ ಟ್ಯಾಂಕನ್ನು ಹೇಗೆ ಕೂರಿಸಿದ್ದಾರೆ ಎಂಬುದನ್ನು ಒಂದೂ ಬಿಡದೆ ಬರೆಸುತ್ತಿದ್ದಾರೆ, ತಾವು ಮರೆತರೂ ನಿನ್ನ ಹತ್ತಿರ ಇರಲಿ ಎಂದು. ‘ಎಂಬತ್ತು ಲೀಟರ್ ಅಂದ್ರೆ ಎಂಬತ್ತು ಕೇಜಿ. ಬ್ರೇಕ್ ಹಾಕಿದಾಗ ನಿಮ್ಮಮ್ಮನ್ನ ಎತ್ತಿ ಹಿಂದಿನಿಂದ ನಿನ್ನ ಮೇಲೆ ಎಸೆದ ಹಾಗೆ ಅಂತ ಬರಿ’ ಎನ್ನುತ್ತಾರೆ. ನಾನು ಎಂಬತ್ತು ಕೇಜಿ ಇಲ್ಲ, ಎಪ್ಪತ್ತೆರಡು. ಟ್ಯಾಂಕನ್ನು ಹಿಂದಿನ ಬಾಗಿಲ ಬಳಿ ಇಡದೆ ಮುಂದಿನ ಸೀಟುಗಳ ಬೆನ್ನಿಗೇ ತಾಗಿಸಿ, ಆದಷ್ಟು ತಗ್ಗಿನಲ್ಲಿ ಇಟ್ಟಿದ್ದಾರೆ. ಹಿಂದೆ ಇಟ್ಟರೆ ಏರಿನಲ್ಲಿ ಗಾಡಿಯ ಮೂತಿ ಮೇಲೇಳುತ್ತದಂತೆ. ಒಳಗೆ ನೀರು ದಬದಬ ಬಡಿಯದ ಹಾಗೆ ಅಡ್ಡ ತಗಡು ಇದೆ. ಸುತ್ತ ಕಬ್ಬಿಣದ ಆ್ಯಂಗಲಿನ ಚೌಕಟ್ಟು, ತಳದಲ್ಲಿ ರಬ್ಬರ್, ಮೇಲಿಂದ ಎರಡು ಕಬ್ಬಿಣದ ಪಟ್ಟಿ. ಚೌಕಟ್ಟಿನ ನಾಲ್ಕು ಕಾಲುಗಳನ್ನು ಜೀಪಿನ ತಳದ ತಗಡಿಗೆ ತೂತು ಕೊರೆದು ಬೋಲ್ಟು ಹಾಕಿ ಬಿಗಿದಿದ್ದಾರೆ. ತಗಡಿನ ಅಡಿಯಲ್ಲಿ, ಒಂದೊಂದು ಬೋಲ್ಟಿಗೂ ಅಂಗೈ ಅಗಲದ ದಪ್ಪ ಪ್ಲೇಟು, ಒಟ್ಟು ನಾಲ್ಕು. ಎಲ್ಲಕ್ಕಿಂತ ಮುಖ್ಯ ಅದೇ, ಅಡಿಗೆರೆ ಎಳೆ ಎನ್ನುತ್ತಿದ್ದಾರೆ. ಪ್ಲೇಟು ಇಲ್ಲದಿದ್ದರೆ ಬೋಲ್ಟು ಎಷ್ಟು ಬಿಗಿಯಾಗಿದ್ದರೂ ಪ್ರಯೋಜನವಿಲ್ಲ, ಒಂದು ದೊಡ್ಡ ಕುಲುಕಿಗೆ ತೆಳು ತಗಡನ್ನು ಹರಿದುಕೊಂಡು ಟ್ಯಾಂಕು ಮೇಲೆದ್ದು ಬರುತ್ತದೆ. ಈ ಉಪಾಯವನ್ನು ಅವರು ಕಲಿತದ್ದು ನನ್ನಿಂದ ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಸೀಟಿನ ಕವರ್ ಹೊಲಿಯುವ ಮೊದಲು ನಾನು ಕೋಟು ಹೊಲಿಯುತ್ತಿದ್ದೆನಲ್ಲ, ದೊಡ್ಡ ಗುಂಡಿ ಹಾಕುವಾಗ ಬಟ್ಟೆಯ ಒಳಮೈಗೆ ಒಂದು ಪುಟ್ಟ ಗುಂಡಿ ಇಟ್ಟು ಎರಡನ್ನೂ ಸೇರಿಸಿ ಹೊಲಿದರೆ ಎಷ್ಟು ಎಳೆದರೂ ಬಟ್ಟೆ ಹರಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ, ‘ಅರೆ, ಇದು ನಮ್ಮ ಕೆಲಸಕ್ಕೂ ಆಗತ್ತಲ್ಲ!’ ಎಂದಿದ್ದರು. ಈಗ ಕೇಳಿದರೆ ತಾವೇ ಕಂಡುಹಿಡಿದದ್ದು ಎನ್ನುತ್ತಾರೆ. ಇದು ಮರೆವಲ್ಲ, ಮೊದಲಿನಿಂದಲೂ ಹಾಗೇ.

ನಾಲ್ಕು ಪ್ಲೇಟನ್ನೂ ತಮ್ಮ ಕೈಯಾರೆ ಕತ್ತರಿಸಿ, ಅಂಚು ಉಜ್ಜಿ, ಹಾಕಿದ್ದಾರಂತೆ. ಅವರು ಹೇಳಿದರು, ನಾನು ಬರೆದೆ.

ಇನ್ನು ನನ್ನ ಪಾಲಿನ ಎರಡು ಮಾತು. ಹತ್ತನೇ ತಾರೀಕು ದೂರದ ಬಂಡೆಗಳ ಕಡೆ ಹೊರಡುತ್ತೇವೆ, ಹೊರಡುವ ಬೆಳಿಗ್ಗೆಯೇ ಟ್ಯಾಂಕು ತುಂಬಿಸಿಕೊಳ್ಳುತ್ತೇನೆ ಎಂದು ನೀನು ಹೇಳಿದ್ದೆ. ಎಂಬತ್ತು ಲೀಟರನ್ನೂ ತುಂಬಲೇಬೇಕಾ? ಸಣ್ಣ ಕ್ಯಾನುಗಳಲ್ಲಿ ಒಯ್ದರೆ ಆಗದಾ? ಗುಂಡಿ ಬಿದ್ದ ದಾರಿಯಲ್ಲಿ ನಿಧಾನ ಹೋಗು. ಇಳಿಜಾರಿನಲ್ಲಿ ಧಡಕ್ಕನೆ ಬ್ರೇಕ್ ಒತ್ತಬೇಡ. ಇದನ್ನು ಓದಿ ಹೇಳಿದ್ದಕ್ಕೆ ನಿಮ್ಮಪ್ಪನಿಗೆ ಮೂಗಿನ ತುದಿಗೆ ಕೋಪ ಬಂದಿದೆ. ‘ನಾನು ಹಾಕಿದ ಟ್ಯಾಂಕ್ ಮೇಲೆ ನಿನಗೆ ನಂಬಿಕೆ ಇಲ್ವಾ? ಅವಳಿಗೆ ಯಾಕೆ ಹೆದರಿಸ್ತೀಯ? ಬಾಯ್ತನಕ ತುಂಬಿಸ್ಕೊಂಡು ಹೋಗಲಿ, ಕೂದಲೆಳೆಯಷ್ಟೂ ಅಲ್ಲಾಡಲ್ಲ’ ಎಂದು ಗದರಿಸಿದರು. ಆಮೇಲೆ, ‘ಇದೇ ಕೊನೇದು. ಇನ್ನು ಯಾವ ಗಾಡಿಗೂ ಕೈ ಹಾಕಲ್ಲ. ಮಗಳ ಗಾಡೀಲಿ ಮುಗೀತು, ಸಾಕು’ ಎಂದರು. ಇದನ್ನೂ ಬರೆ ಎಂದು ಹೇಳಲಿಲ್ಲ, ನಾನೇ ಬರೆದೆ. ಓದಿದಾಗ ಬೇಡವೆನ್ನಲಿಲ್ಲ.

ತಗಡಿನವನೂ ಅವನ ಹೆಂಡತಿಯೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಜೊತೆಯವರಿಗೆಲ್ಲ ನಮ್ಮ ನೆನಪು ತಿಳಿಸು. ಹೋದ ದಾರಿಯಲ್ಲೇ ಸುಖವಾಗಿ ತಿರುಗಿ ಬಾ, ನಮ್ಮಿಬ್ಬರ ಉಳಿದ ಆಯಸ್ಸೂ ನಿನಗೇ ಇರಲಿ. ಅಪ್ಪ ನಿನ್ನ ತಲೆ ನೇವರಿಸಿದ್ದಾರೆ ಎಂದುಕೋ. ಕೈ ಗಾಳಿಯಲ್ಲಿ ಹಾಗೆ ಆಡಿಸಿ ತೋರಿಸುತ್ತಿದ್ದಾರೆ.

ನಿನ್ನ
ಅಮ್ಮ

(ಅಪ್ಪನ ರುಜು ಕೆಳಗಿದೆ. ತಾವೇ ಹಾಕುತ್ತೇನೆಂದು ಹಟ ಹಿಡಿದು ಹಾಕಿದರು, ಮೂರನೇ ಸಲಕ್ಕೆ ಇಷ್ಟು ಬಂತು.)

ಮರೆತ ಮಾತು: ಇದನ್ನು ಲಾರಿ ನಿಲ್ಲುವ ಗೋದಾಮಿನಲ್ಲಿ, ಮೂಟೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಪ್ಪ ಜೊತೆಗಿಲ್ಲ, ತಗಡಿನವನ ಹತ್ತಿರ ಕೂರಿಸಿ ಬಂದಿದ್ದೇನೆ. ಈ ಹಾಳೆಯನ್ನು ಯಾರಿಗೂ ಓದಿ ಹೇಳಿಲ್ಲ. ಟ್ಯಾಂಕಿಗೆ ನೀರು ತುಂಬಬೇಡ. ಒಂದು ಲೋಟವೂ ಬೇಡ. ತುಂಬಿದ್ದರೆ ಈಗಲೇ ಕೆಳಗಿನ ನಲ್ಲಿ ಬಿಚ್ಚಿ ಖಾಲಿ ಮಾಡು. ಜೀಪಿನ ಅಡಿಯಲ್ಲಿ ಪ್ಲೇಟುಗಳಿಲ್ಲ. ನಾಲ್ಕೂ ಈ ಕಾಗದದ ಜೊತೆ ಲಾರಿಯಲ್ಲಿ ಕಳಿಸುತ್ತಿರುವ ಪೊಟ್ಟಣದಲ್ಲಿವೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಕ್ಯಾಂಪಿನ ಮೆಕ್ಯಾನಿಕ್ ಕೈಯಲ್ಲಿ ಬೋಲ್ಟು ಬಿಚ್ಚಿಸಿ, ನಾಲ್ಕನ್ನೂ ಅಡಿಯಲ್ಲಿ ಕೊಟ್ಟು ಮತ್ತೆ ಬಿಗಿಸು. ನೀನೇ ಜೀಪಿನ ಅಡಿ ಮಲಗಿ ನೋಡು. ಸೋಮವಾರವೇ ನಿಮ್ಮ ದೊಡ್ಡ ಆಫೀಸಿಗೆ ಫೋನ್ ಮಾಡಿದ್ದೆ, ಕ್ಯಾಂಪಿನ ವೈರ್‌ಲೆಸ್ ಕೆಟ್ಟಿದೆ, ಸರಿಯಾದ ಮೇಲೆ ತಿಳಿಸುತ್ತೇವೆ ಎಂದು ಚೀಟಿಯಲ್ಲಿ ಬರೆದುಕೊಂಡರು. ಮಂಗಳವಾರ, ಬುಧವಾರವೂ ಮಾಡಿದೆ, ಅದೇ ಮಾತು. ಶನಿವಾರ ಈ ಲಾರಿ ಅಲ್ಲಿಗೆ ತಲುಪುತ್ತದಂತೆ. ನೀನು ಹೇಳಿದ ದಿನಕ್ಕಿಂತ ಮೊದಲೇ ಹೊರಟಿರಬೇಡ ಎಂದು ಕಂಡವರಿಗೆಲ್ಲ ಕೈ ಮುಗಿಯುತ್ತಿದ್ದೇನೆ.

ಅವರು ಮರೆತದ್ದು ಪ್ಲೇಟು ಹಾಕುವುದನ್ನು. ಅದು ಅವರ ತಪ್ಪಲ್ಲ, ಕಾಯಿಲೆ. ಬೋಗುಣಿ ಅವರನ್ನು ಹಿಡಿದು ನಿಲ್ಲಿಸುತ್ತಿತ್ತು. ಭಾನುವಾರ ನೀನು ಒಳಗೆ ಚೀಲ ಕಟ್ಟುತ್ತಿದ್ದಾಗ ನಾನು ಶೆಡ್ಡಿಗೆ ಹೋದೆ, ಬೋಗುಣಿಯಲ್ಲಿ ಜಿಡ್ಡಿನ ಬಟ್ಟೆಯ ಕೆಳಗೆ ನಾಲ್ಕೂ ಇದ್ದವು. ಏನೆಂದು ಗೊತ್ತಾಗಲಿಲ್ಲ ಎಂದು ಹೇಳುವ ಹಾಗಿಲ್ಲ, ಗುಂಡಿಯ ಕೆಳಗೆ ಗುಂಡಿ ಇಡುವುದನ್ನು ಅವರಿಗೆ ತೋರಿಸಿದವಳೇ ನಾನು. ಅಷ್ಟರಲ್ಲಿ ಅವರು ನಿನ್ನ ಹೆಗಲ ಮೇಲೆ ಕೈ ಹಾಕಿಕೊಂಡು, ಎದೆಯುಬ್ಬಿಸಿಕೊಂಡು ಬರುತ್ತಿದ್ದರು. ನಿನ್ನೆದುರು ಅವರ ಮುಖ ಕೆಳಗಾಗುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಹೆಚ್ಚಿಗೆ ಕತ್ತರಿಸಿದ್ದು ಉಳಿದಿರಬೇಕು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ನಾಲ್ಕನ್ನೂ ಸೆರಗಿನಲ್ಲಿ ಸುತ್ತಿಕೊಂಡೆ. ಅವರು ಖಾಲಿ ಎಂದು ತಟ್ಟಿ ತೋರಿಸಿದ ಬೋಗುಣಿಯನ್ನು ಖಾಲಿ ಮಾಡಿದವಳು ನಾನು. ನೀನು ಬಗ್ಗಿ ಅಡಿ ನೋಡಲು ಹೊರಟಾಗ, ‘ಹೊತ್ತಾಯ್ತು, ಬಟ್ಟೆ ಕೊಳೆ ಮಾಡ್ಕೋಬೇಡ, ಹೊರಡೇ’ ಎಂದು ಅವಸರ ಮಾಡಿದವಳೂ ನಾನೇ. ನೀನು ನಕ್ಕು ಹೊರಟುಬಿಟ್ಟೆ. ಜೀಪು ತಿರುವು ದಾಟಿದ ಮೇಲೆ ತಗಡಿನವನನ್ನು ಕೇಳಿದೆ, ‘ನಮ್ಮವ್ರು ಎಷ್ಟು ಪ್ಲೇಟ್ ಕತ್ತರಿಸಿದ್ರು?’ ‘ನಾಲ್ಕೇ ಅಕ್ಕಾ, ನನ್ನ ಕತ್ತರೀಲೇ’ ಎಂದ. ಅವರ ಮಾನ ನೋಡಿದೆ, ನಿನ್ನ ಕುತ್ತಿಗೆ ನೋಡಲಿಲ್ಲ.

ಉತ್ತರ ಬರೆಯುವಾಗ ಒಂದು ಹಾಳೆ ಅಪ್ಪನಿಗೆ, ಟ್ಯಾಂಕ್ ಅಲ್ಲಾಡಲಿಲ್ಲ ಎಂದು ಬರೆ. ದಿನಾ ಓದಿ ಹೇಳುತ್ತೇನೆ. ನನಗೆ ಬೇರೆ ಹಾಳೆಯಲ್ಲಿ ಏನು ಬೇಕಾದರೂ ಬರೆ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಮೊದಲು ನೀರು ಚೆಲ್ಲು. ಆಮೇಲೆ ನನ್ನನ್ನು ಬೈ.